ಕೆಮ್ಮಿದ್ದೆಲ್ಲ ಕ್ಷಯವೇ?

ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ದೂರದಿಂದ ನೋಡಿದರೆ ಮಂಜೂ ಹೊಗೆಯಂತೆಯೇ ಕಾಣುತ್ತದೆಂಬುದು ಎರಡನೆಯದು. ಈ ಎರಡನೆಯ ಪಾಠವನ್ನು ಮರೆತರೆ ಮಕ್ಕಳು ವೃಥಾ ನರಳಬೇಕಾಗುತ್ತದೆ.

ಮಣಿಪುರ, ನಾಗಾಲ್ಯಾಂಡ್, ಅರುಣಾಚಲ ಪ್ರದೇಶಗಳ ಕೆಲವೆಡೆ ಬೆಟ್ಟದ ತೊರೆಗಳ ಏಡಿಯನ್ನು ಹಸಿಯಾಗಿಯೋ ಅರೆಬೇಯಿಸಿಯೋ ತಿನ್ನುವ ರೂಢಿಯಿದೆ. ಅಂತಹ ಏಡಿಯಲ್ಲಿ ಪ್ಯಾರಗೋನಿಮಸ್ ಎಂಬ ಚಪ್ಪಟೆ ಹುಳುವಿನ ಮರಿಗಳು ಅಡಗಿರಬಹುದು. ಅವು ಕರುಳನ್ನು ಕೊರೆದು, ವಪೆಯನ್ನು ದಾಟಿ, ಶ್ವಾಸಕೋಶದಲ್ಲಿ ನೆಲೆಸುತ್ತವೆ. ಮಗುವಿಗೆ ಬಿಡದ ಕೆಮ್ಮು, ಎದೆನೋವು, ರಕ್ತಮಿಶ್ರಿತ ಕಫ. ಎಕ್ಸ್‌ರೇಯಲ್ಲೂ ಕ್ಷಯವನ್ನು ಹೋಲುವ ನೆರಳು. ನೋಡಿದವರು ಕ್ಷಯವೆಂದೇ ಬಗೆಯುತ್ತಾರೆ. ಆದರೆ ಕ್ಷಯದ ಔಷಧವನ್ನು 6 ತಿಂಗಳು ಕೊಟ್ಟರೂ ಈ ಹುಳು ಸಾಯದು. ಕಫದಲ್ಲಿ ಅದರ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಿಂದ ಗುರುತಿಸಿದರೆ, ಪ್ರಾಜಿಕ್ವಾಂಟೆಲ್ ಮಾತ್ರೆಯ 2-3 ದಿನಗಳ ಚಿಕಿತ್ಸೆ ಸಾಮಾನ್ಯವಾಗಿ ಸಾಕಾಗುತ್ತದೆ.

ಹಾಗೆಂದು ಆ ಜನರ ಆಹಾರವನ್ನು ಹೀಗಳೆಯುವುದು ಸಲ್ಲದು. ಬಡವರಿಗೆ ತೊರೆಯ ಏಡಿ ಪುಷ್ಟಿಕರ ಆಹಾರವೇ ಸರಿ. ಅದನ್ನು ಚೆನ್ನಾಗಿ ಬೇಯಿಸಬೇಕು; ಹಸಿ ಏಡಿ ಮುಟ್ಟಿದ ಕೈಯನ್ನೂ ಕತ್ತಿಯನ್ನೂ ತೊಳೆಯಬೇಕು, ಅಷ್ಟೇ. ಕ್ಷಯವೂ ಅಲ್ಲಿ ಇಲ್ಲದ ರೋಗವಲ್ಲ. ಆದ್ದರಿಂದ ವೈದ್ಯರನ್ನು ಕೇಳದೆ ಯಾರೂ ಅದರ ಔಷಧವನ್ನು ನಿಲ್ಲಿಸಬಾರದು.

ಆ ರಾಜ್ಯಗಳ ಅನೇಕ ಕುಟುಂಬಗಳು ಇಂದು ಬೆಂಗಳೂರಿನಲ್ಲಿಯೂ ನೆಲೆಸಿವೆ. ಅವರ ಮಗುವೊಂದು ವಾರಗಟ್ಟಲೆ ಕೆಮ್ಮುತ್ತಿದ್ದರೆ, ಕ್ಷಯದ ಪರೀಕ್ಷೆಯೊಂದಿಗೆ ಇನ್ನೊಂದು ಪ್ರಶ್ನೆಯೂ ಇರಲಿ: ಊರಿನಲ್ಲಿ ಹಸಿ ಏಡಿ ತಿಂದಿತ್ತೇ? ತಾಯಿಯನ್ನು ಹೀಗೆ ಕೇಳಲು ಹಣ ಬೇಕಿಲ್ಲ, ವ್ಯವಧಾನ ಬೇಕು. ರೋಗದ ಹೆಸರನ್ನು ನಿರ್ಧರಿಸುವ ಮೊದಲು ರೋಗಿಯ ಬದುಕನ್ನು ವಿಚಾರಿಸುವುದೇ ವಿವೇಕವಲ್ಲವೇ?