ಇಂಜಿನ್ ಕೊನೆಗೆ ನೋಡೋಣ

ನಮ್ಮ ಚಿಕ್ಕೋಡಿ ಕಡೆ ಹಳೆ ಗಾಡಿ ನೋಡುವುದಕ್ಕೆ ಒಂದು ಪದ್ಧತಿ ಇದೆ. ನಾಲ್ಕು ಜನ ಹೋಗುತ್ತಾರೆ. ಒಬ್ಬ ಮೀಟರ್ ಓದುತ್ತಾನೆ. ಇನ್ನೊಬ್ಬ ಬಾನೆಟ್ ಎತ್ತಿ, ಇಂಜಿನ್ ಚಾಲೂ ಇರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆಯುತ್ತಾನೆ. ಒಳಗಿಂದ ಹಬೆ ಬುಸುಗುಟ್ಟಿದರೆ ‘ಬ್ಯಾಕ್ ಕಂಪ್ರೆಷನ್ ಐತಿ, ಬ್ಯಾಡ’ ಎಂದು ತೀರ್ಪು. ಬರದಿದ್ದರೆ ‘ಗಾಡಿ ಚಲೋ ಐತಿ, ಮಾತಾಡ್ರಿ’. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದಲ್ಲೂ ಇದೇ ಪಂಚಾಯಿತಿ. ಅದರಲ್ಲಿ ನಾನೂ ಎಷ್ಟೋ ಸಲ ಕೂತು ತಲೆ ಆಡಿಸಿದ್ದೇನೆ. ಈಗ ಹಿರಿಯರ ಕ್ಷಮೆ ಕೋರಿ ಸ್ವಲ್ಪ ಬೇರೆ ಮಾತು ಆಡಬೇಕೆನಿಸಿದೆ.

ಈ ಪದ್ಧತಿ ದಡ್ಡತನದ್ದೇನಲ್ಲ. ಗಾಡಿಯಲ್ಲಿ ಎಲ್ಲಕ್ಕಿಂತ ದುಬಾರಿ ಇಂಜಿನ್, ಹಾಗಾಗಿ ಮೊದಲು ಅದನ್ನೇ ನೋಡುತ್ತಾರೆ. ಆದರೆ ಹೊತ್ತಿಗೆ ಸರಿಯಾಗಿ ಆಯಿಲ್ ಕಂಡ ಡೀಸೆಲ್ ಇಂಜಿನ್ ಗಾಡಿಯಲ್ಲಿ ಕಟ್ಟಕಡೆಗೆ ಸವೆಯುವ ವಸ್ತುಗಳಲ್ಲಿ ಒಂದು. ಬೊಲೆರೊ 2000ರಲ್ಲಿ, ಸ್ಕಾರ್ಪಿಯೊ 2002ರಲ್ಲಿ ಬಂದವು. ಎರಡೂವರೆ, ಮೂರು ಲಕ್ಷ ಕಿಲೋಮೀಟರ್ ದಾಟಿಯೂ ಕಬ್ಬಿನ ಹೊಲದ ದಾರಿಯಲ್ಲಿ ಓಡುತ್ತಿರುವ ಗಾಡಿಗಳು ನಮ್ಮ ಕಣ್ಣೆದುರೇ ಇವೆ. ಹಳೆ ಡೀಸೆಲ್‌ನಲ್ಲಿ ಒಂದಿಷ್ಟು ಹಬೆ ಸಹಜ. ಮೀಟರ್, ಮುಚ್ಚಳ ಎರಡೂ ಇಂಜಿನ್ ಪರವಾಗಿಯೋ ವಿರೋಧವಾಗಿಯೋ ಸಾಕ್ಷಿ ಹೇಳುತ್ತವೆ, ಅಷ್ಟೆ. ರಬ್ಬರು, ಬ್ರೇಕ್ ಎಣ್ಣೆ, ತುಕ್ಕು ಹಿಡಿದ ತಳ — ಇವನ್ನು ಯಾರೂ ಕಟಕಟೆಗೆ ಕರೆಯುವುದೇ ಇಲ್ಲ. ಎತ್ತು ಕೊಳ್ಳುವಾಗ ನಮ್ಮ ಅಜ್ಜಂದಿರು ಹಲ್ಲು ಎಣಿಸಿ ಸುಮ್ಮನಾಗುತ್ತಿರಲಿಲ್ಲ. ಸುಳಿ ನೋಡಿ, ಗೊರಸು ಎತ್ತಿ, ನಾಲ್ಕು ಹೆಜ್ಜೆ ನಡೆಸಿ ಆಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿಯುತ್ತಿದ್ದರು.

ಹೋದ ವರ್ಷ ನಮ್ಮ ಕಾಕಾನ ಮಗ 2013ರ ಬೊಲೆರೊ ಒಂದನ್ನು ಕೊಂಡ. ಮೀಟರಿನಲ್ಲಿ 2,46,000. ಮನೆಯವರು ಮುಖ ಕಿವುಚಿದರು. ಗ್ಯಾರೇಜೊಂದರಲ್ಲಿ ಮುಚ್ಚಳ ತೆಗೆದು ನೋಡಿ, ಇಂಜಿನ್ ಬಿಚ್ಚಬೇಕು, ಮುಕ್ಕಾಲು ಲಕ್ಷ ತಯಾರಿಟ್ಟುಕೊಳ್ಳಿ ಎಂದರು. ‘ಅಣ್ಣಾ, ಏನ ಮಾಡ್ಲಿ?’ ಎಂದು ಫೋನ್ ಬಂತು. ನನಗೆ ಗುರುತಿದ್ದ ಹಳಬ ಮಿಸ್ತ್ರಿಯೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲಿಗೆ ಬಾನೆಟ್ ಎತ್ತಲೇ ಇಲ್ಲ. ಜಾಕ್ ಹಚ್ಚಿ, ಹಿಂದಿನ ಗಾಲಿಯ ಹತ್ತಿರ ಏರ್ ತೆಗೆಯುವ ನಿಪ್ಪಲ್ ಸಡಿಲಿಸಿ, ಖಾಲಿಯಾದ ಚಹಾದ ಗ್ಲಾಸು ಹಿಡಿದರು. ಇಳಿದದ್ದು ಹಾಲು ಹಾಕದ ಚಹಾದ ಬಣ್ಣ. ಹೊಸ ಬ್ರೇಕ್ ಎಣ್ಣೆ ತಿಳಿ ಜೇನಿನ ಹಾಗಿರುತ್ತದೆ. ‘ದೂರ ಇಡ್ರಿ ಸರ, ಯಾರರ ಚಹಾ ಅಂತ ತಿಳದ ಎತ್ಯಾರು’ ಎಂದರು. ಆಮೇಲಷ್ಟೇ ಬಾನೆಟ್ ಎತ್ತಿ ರೇಡಿಯೇಟರಿನ ಹೋಸ್ ಹಿಚುಕಿದರು. ಒಣ ರೊಟ್ಟಿ ಮುರಿದ ಹಾಗೆ ಒಳಗೆ ಕರಕರ ಎಂದಿತು. ಟಯರಿನಲ್ಲಿ ಗುಂಡಿ ಚೆನ್ನಾಗಿಯೇ ಇತ್ತು. ಆದರೆ ಬದಿಯಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿ 3116, ಅಂದರೆ 2016ರ 31ನೇ ವಾರ ತಯಾರಾದದ್ದು. ಬಗ್ಗಿ ನೋಡಿದರೆ ಬದಿಯಲ್ಲೆಲ್ಲ ಬಿರುಕು.

ಬ್ರೇಕ್ ಎಣ್ಣೆಯ ಸಂಗತಿ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಗಾಡಿ ಓಡಿದರೂ ಓಡದಿದ್ದರೂ ಅದು ಹಾಳಾಗುತ್ತದೆ. ಗಾಳಿಯ ತೇವವನ್ನು ಹೀರುವುದೇ ಅದರ ಗುಣ. ಡಾಟ್-4 ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಶೇ. 3.7ರಷ್ಟು ನೀರು ಸೇರಿದರೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಏಳು ಜನರನ್ನು ಕೂರಿಸಿಕೊಂಡು ತವಂದಿ ಘಾಟ್ ಇಳಿಯುತ್ತ, ಮುಂದೆ ಲಾರಿ ಇದೆಯೆಂದು ಬ್ರೇಕ್ ಮೇಲೆಯೇ ಕಾಲಿಟ್ಟರೆ ಕಾವು ಏರುತ್ತದೆ, ಎಣ್ಣೆ ಕುದಿದು ಗುಳ್ಳೆ ಏಳುತ್ತದೆ. ಗುಳ್ಳೆ ಒತ್ತಿದರೆ ಅಡಗುತ್ತದೆ, ಒತ್ತಡವನ್ನು ಗಾಲಿಗೆ ಮುಟ್ಟಿಸುವುದಿಲ್ಲ. ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಅಂಥ ಹೊತ್ತಲ್ಲಿ ಇಂಜಿನ್ ಎಷ್ಟು ಚಲೋ ಇದ್ದರೇನು? ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ಇದರ ಖರ್ಚು ಒಂದು ಜೊತೆ ಸೀಟ್ ಕವರಿನಷ್ಟೂ ಇಲ್ಲ.

ಮೀಟರಿನ ಭಯಕ್ಕೂ ಇದೇ ಉತ್ತರ. ಬೊಲೆರೊ ಕೊಳ್ಳುವ ಮುಂಚೆ ಕಾಕಾನ ಮಗ ಗಡಿಯಾಚೆಯಿಂದ ಬಂದ ಬೇರೊಂದು ಗಾಡಿಗೆ ಮನಸೋತಿದ್ದ. ಬರೀ 70,000 ಓಡಿದ್ದು, ಬಣ್ಣ ಕನ್ನಡಿಯಂತಿತ್ತು. ಮುಂಗಡ ಕೊಡುವವನಿದ್ದ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡು ಎಂದೆ. ಕೊನೆಯ ಒಂದು ಗೇಣು ಮಣ್ಣಿನ ಬಣ್ಣ, ಒಣಗಿದ ಗೆರೆ. 2019ರ ಆಗಸ್ಟ್, 2021ರ ಜುಲೈ — ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿದ ದಿನಗಳನ್ನು ನಮಗೆ ಬೇರೆಯವರು ಹೇಳಬೇಕಿಲ್ಲ. ಯಮಗರಣಿ ಹತ್ತಿರ ಹೆದ್ದಾರಿಯೇ ಮುಚ್ಚಿತ್ತು. ಆ ನೀರು ಕುಡಿದ ವೈರಿಂಗ್, ಬೇರಿಂಗ್‌ಗಳ ಕತೆ ಯಾವ ಮೀಟರಿನಲ್ಲೂ ಬರುವುದಿಲ್ಲ. ಅಲ್ಲದೆ ಮೀಟರನ್ನು ಹಿಂದಕ್ಕೆ ತಿರುಗಿಸುವ ವಿದ್ಯೆ ಗೊತ್ತಿದ್ದವರಿಗೇನೂ ಬರವಿಲ್ಲ. ಹೆದ್ದಾರಿಯಲ್ಲಿ ಓಡಿ ಎರಡೂವರೆ ಲಕ್ಷ ಮುಟ್ಟಿ, ಪ್ರತಿ ಸರ್ವಿಸಿನ ರಸೀದಿ ಇಟ್ಟುಕೊಂಡ ಗಾಡಿ, ತೋಟದ ಶೆಡ್ಡಿನಲ್ಲಿ ನಿಂತು ಇಲಿಗಳಿಗೆ ವೈರು ಉಣಿಸಿದ ಗಾಡಿಗಿಂತ ನನಗೆ ಹೆಚ್ಚು ನಂಬಿಕಸ್ಥ.

ಇಂಜಿನ್‌ಗೆ ಏನೂ ಬೇಡ ಎಂದು ನನ್ನ ವಾದವಲ್ಲ. ಹಳೆ ಇನ್ನೋವಾದ ಎರಡೂವರೆ ಲೀಟರ್ ಡೀಸೆಲ್‌ನಲ್ಲಿ ಟೈಮಿಂಗ್ ಬೆಲ್ಟ್ ಇದೆ. ಅದರ ಗಡುವು ತಿಳಿಸಲು ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಇದೆ. ಬೆಲ್ಟ್ ಬದಲಿಸದೆಯೇ ಆ ದೀಪ ಆರಿಸಬಹುದು! ಬದಲಿಸಿದ ರಸೀದಿ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ತಿಳಿಯಿರಿ. ಬೆಲ್ಟ್ ಹರಿದ ದಿನ ಇಂಜಿನ್ ನಿಜವಾಗಿಯೂ ಬಿಚ್ಚಬೇಕಾಗುತ್ತದೆ. ಬೋರಿನ ಗಡಸು ನೀರನ್ನು ರೇಡಿಯೇಟರಿಗೆ ಸುರಿದು ಕೂಲಂಟ್ ದುಡ್ಡು ಉಳಿಸುವವರೂ ಅದೇ ದಾರಿಯಲ್ಲಿದ್ದಾರೆ.

ಇನ್ನೊಂದು ಭಿನ್ನಾಭಿಪ್ರಾಯ. ‘ಒಮ್ಮೆಲೇ ಎಲ್ಲಾ ಮಾಡಿಸಿ ನಿಶ್ಚಿಂತಿ ಆಗ್ರಿ’ ಎನ್ನುತ್ತಾರೆ. ಒಂದೇ ವಾರದಲ್ಲಿ ಇಪ್ಪತ್ತು ಸಾಮಾನು ಬದಲಾಯಿಸಿ, ಮರುದಿನ ಹೊಸ ಸದ್ದು ಶುರುವಾದರೆ ಅದು ಯಾವುದರದ್ದೆಂದು ಹುಡುಕುವುದು ಹೇಗೆ? ಆ ಬೊಲೆರೊದಲ್ಲಿ ನಾವು ಮೊದಲು ಬ್ರೇಕ್, ಟಯರ್, ಸ್ಟೇರಿಂಗ್ ಮುಗಿಸಿದೆವು. ಇದರಲ್ಲಿ ಮಾತ್ರ ತಡ ಸಲ್ಲದು. ಆಮೇಲೆ ಇಂಜಿನ್ ಆಯಿಲ್, ಗೇರ್ ಆಯಿಲ್, ಕ್ರೌನ್ ಆಯಿಲ್, ಕೂಲಂಟ್, ಹೋಸು, ಬೆಲ್ಟು. ಗೇಜ್ ಕಡ್ಡಿಯ ಮೇಲೆ ಆಯಿಲ್ ಎಲ್ಲಿದೆ ಎಂದು ಫೋಟೊ ತೆಗೆದು, ಸಾವಿರ ಕಿಲೋಮೀಟರ್ ಓಡಿಸಿ ಮತ್ತೆ ನೋಡಿದೆವು. ಕೂದಲೆಳೆಯಷ್ಟು ಇಳಿದಿತ್ತು. ಬಿಚ್ಚಬೇಕೆಂದಿದ್ದ ಇಂಜಿನ್ ಅದು. ಬುಶ್, ಶಾಕ್ ಅಬ್ಸಾರ್ಬರ್ ಕೆಲಸ ಕಬ್ಬಿನ ಸುಗ್ಗಿ ಮುಗಿದ ಮೇಲೆ ಇಟ್ಟುಕೊಂಡೆವು. ನಾಲ್ಕು ಟಯರು ಸೇರಿಯೂ ಒಟ್ಟು ಖರ್ಚು ಆ ಮುಕ್ಕಾಲು ಲಕ್ಷದ ಹತ್ತಿರ ಸುಳಿಯಲಿಲ್ಲ.

‘ಓಡೋ ಗಾಡಿ ಮುಟ್ಟಬ್ಯಾಡ’ ಎನ್ನುವ ಹಿರಿಯರಿದ್ದಾರೆ. ಅವರ ಮಾತಿನಲ್ಲಿ ಅನುಭವ ಇದೆ. ಮಿಸ್ತ್ರಿ ಕೈಯಾಡಿಸಿದ ಮೇಲೆ ಕೆಟ್ಟ ಗಾಡಿಗಳು ನನಗೂ ಗೊತ್ತು. ಆದರೆ ಅಥಣಿ, ಕಾಗವಾಡದ ಮನೆಯವರು ಮಧ್ಯರಾತ್ರಿ ಗಾಡಿ ಹೊರಗೆ ತೆಗೆಯುವುದು ಬಹುಮಟ್ಟಿಗೆ ಮೀರಜ್ ಆಸ್ಪತ್ರೆಗೆ. ಓಡುತ್ತದೆಯೋ ಎಂಬುದರ ಜೊತೆಗೆ ನಿಲ್ಲುತ್ತದೆಯೋ ಎಂಬುದನ್ನೂ ಹಗಲಲ್ಲೇ ನೋಡಿಟ್ಟುಕೊಂಡರೆ ಒಳ್ಳೆಯದಲ್ಲವೇ?

ಈ ದೀಪಾವಳಿಗೆ ಹಳೆ ಗಾಡಿ ಮನೆಗೆ ತರುವವರಲ್ಲಿ ಒಂದೇ ವಿನಂತಿ: ಪೂಜೆಗೆ ಮುಂಚೆ ಬ್ರೇಕ್ ಎಣ್ಣೆ ಬದಲಿಸಿ. ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸುವುದು ಮರುದಿನವಾದರೂ ನಡೆದೀತು.