ಪಾಠ ಆರಿಸುವುದು ಸಚಿವ ಸಂಪುಟದ ಕೆಲಸವಲ್ಲ

ಹತ್ತನೇ ತರಗತಿಯ ಕನ್ನಡ ಪಠ್ಯದಲ್ಲಿರುವ ತಮ್ಮ ‘ಎದೆಗೆ ಬಿದ್ದ ಅಕ್ಷರ’ಕ್ಕೆ ತಮ್ಮ ಒಪ್ಪಿಗೆ ಇಲ್ಲ ಎಂದು ದೇವನೂರ ಮಹಾದೇವ ಅವರು ಮೈಸೂರಿನಿಂದ ಪತ್ರ ಬರೆದದ್ದು 2022ರ ಮೇ ತಿಂಗಳಲ್ಲಿ. ರೋಹಿತ್ ಚಕ್ರತೀರ್ಥ ಅಧ್ಯಕ್ಷತೆಯ ಪರಿಷ್ಕರಣಾ ಸಮಿತಿ ಪಿ. ಲಂಕೇಶರ ‘ಮೃಗ ಮತ್ತು ಸುಂದರಿ’ಯನ್ನೂ ಸಾರಾ ಅಬೂಬಕ್ಕರ್ ಅವರ ‘ಯುದ್ಧ’ವನ್ನೂ ಕೈಬಿಟ್ಟು, ಆರೆಸ್ಸೆಸ್ ಸ್ಥಾಪಕ ಹೆಡಗೇವಾರರ ಭಾಷಣವನ್ನು ಸೇರಿಸಿತ್ತು. ಮಹಾದೇವರ ಬೆನ್ನಿಗೆ ಜಿ. ರಾಮಕೃಷ್ಣ, ರೂಪ ಹಾಸನ ಮೊದಲಾದವರೂ ಒಪ್ಪಿಗೆ ಹಿಂಪಡೆದರು. ಹಂಪ ನಾಗರಾಜಯ್ಯನವರು ಕುವೆಂಪು ಪ್ರತಿಷ್ಠಾನದ ಅಧ್ಯಕ್ಷ ಸ್ಥಾನವನ್ನೇ ಬಿಟ್ಟರು. ಜೂನ್ ಮೊದಲ ವಾರ ಸರ್ಕಾರ ಸಮಿತಿಯನ್ನು ವಿಸರ್ಜಿಸಿತು, ಅದು ಸಿದ್ಧಪಡಿಸಿದ ಪುಸ್ತಕವನ್ನು ಮಾತ್ರ ಉಳಿಸಿಕೊಂಡಿತು!

ಆಮೇಲೆ ನಡೆದದ್ದನ್ನು ಎಷ್ಟೋ ಜನ ಮರೆತಿದ್ದಾರೆ. ಪುಸ್ತಕ ಮಕ್ಕಳ ಕೈ ಸೇರಿ ತಿಂಗಳುಗಳೇ ಕಳೆದ ಮೇಲೆ, ಒಪ್ಪಿಗೆ ಹಿಂಪಡೆದ ಲೇಖಕರ ಪಾಠ–ಪದ್ಯಗಳನ್ನು ಬೋಧಿಸಬೇಡಿ, ಪರೀಕ್ಷೆಗೆ ಪರಿಗಣಿಸಬೇಡಿ ಎಂದು ಇಲಾಖೆ ಶಾಲೆಗಳಿಗೆ ಸೂಚಿಸಿತು. ಪಾಠ ಅಚ್ಚಾಗಿದೆ, ಮಗುವಿನ ಚೀಲದಲ್ಲಿದೆ, ಆದರೆ ಮೇಷ್ಟ್ರು ಅದರ ಪುಟ ತೆರೆಯುವಂತಿಲ್ಲ. ಮಹಾದೇವರ ನಿಲುವು ಸರಿಯಿತ್ತು. ತನ್ನ ಬರಹ ಯಾವ ಸಾಲಿನಲ್ಲಿ ನಿಲ್ಲಬೇಕು ಎಂದು ಹೇಳುವ ಹಕ್ಕು ಲೇಖಕನಿಗಿದೆ. ಆದರೆ ನಷ್ಟವಾದದ್ದು ಮೈಸೂರಿನ ಕುವೆಂಪುನಗರದ ಖಾಸಗಿ ಶಾಲೆಯ ಮಗುವಿಗಲ್ಲ. ಅದರ ಮನೆಯಲ್ಲಿ ಬೇರೆ ಪುಸ್ತಕಗಳಿರುತ್ತವೆ. ಮಂಡಿ ಮೊಹಲ್ಲಾದ, ರಾಜೀವ್‌ನಗರದ ಸರ್ಕಾರಿ ಶಾಲೆಗಳ ಎಷ್ಟೋ ಮಕ್ಕಳಿಗೆ ಸರ್ಕಾರ ಕೊಡುವ ಪುಸ್ತಕವೇ ಮನೆಯ ಏಕೈಕ ಸಾಹಿತ್ಯ.

ಈಗ ನಮ್ಮ ಕಡೆಯವರ ಸರದಿ. 2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಮುಖ್ಯಮಂತ್ರಿಯಾದ ಸಿದ್ದರಾಮಯ್ಯ ಮೈಸೂರಿನವರೇ. ಜೂನ್ 15ರ ಸಂಪುಟ ಸಭೆಯಲ್ಲಿ ಹೆಡಗೇವಾರ್, ಸಾವರ್ಕರ್ ಪಾಠಗಳನ್ನು ತೆಗೆದು, ಸಾವಿತ್ರಿಬಾಯಿ ಫುಲೆ ಅವರ ಕುರಿತ ಪಾಠ ಸೇರಿಸಲು ತೀರ್ಮಾನವಾಯಿತು. ಶಾಲೆ ಆಗಲೇ ಶುರುವಾಗಿತ್ತು, ಪುಸ್ತಕ ಹಂಚಿಕೆಯೂ ಆಗಿತ್ತು. ಹಾಗಾಗಿ ಪೂರಕ ಪುಸ್ತಕ, ಮತ್ತೊಂದು ಸುತ್ತೋಲೆ. ನಮ್ಮೂರಿನ ಪ್ರಗತಿಪರ ವಲಯ ಚಪ್ಪಾಳೆ ತಟ್ಟಿತು. ಹಿಂದಿನ ವರ್ಷ ಪ್ರತಿಭಟನೆಗೆ ಬಂದವರಲ್ಲಿ ಎಷ್ಟು ಮಂದಿ, ಸಂಪುಟ ಸಭೆ ಕನ್ನಡ ಪಾಠ ಆರಿಸುವ ಜಾಗವೇ ಎಂದು ಕೇಳಿದರು?

ಎರಡೂ ತಪ್ಪು ಸಮವೆಂದು ನಾನು ಹೇಳುತ್ತಿಲ್ಲ. ಕಾಸರಗೋಡಿನ ಮುಸ್ಲಿಂ ಹೆಣ್ಣುಮಗಳೊಬ್ಬಳು ಕನ್ನಡದಲ್ಲಿ ಬರೆದ ಕತೆಯನ್ನು ತೆಗೆದು ಸಂಘಟನೆಯೊಂದರ ಸ್ಥಾಪಕನ ಭಾಷಣ ಹಾಕುವುದು ಸಾಹಿತ್ಯದ ಆಯ್ಕೆಯಲ್ಲ, ಪ್ರಚಾರ. ಆ ಭಾಷಣ ಹೋದದ್ದರಲ್ಲಿ ನನಗೆ ಕಿಂಚಿತ್ತೂ ಬೇಸರವಿಲ್ಲ. ಹೋದ ದಾರಿಯ ಬಗ್ಗೆ ತಕರಾರಿದೆ. ಆ ದಾರಿ ತೆರೆದೇ ಇದ್ದರೆ ಮುಂದಿನ ಸರ್ಕಾರ ಅದರಲ್ಲೇ ಹಿಂದಕ್ಕೆ ಬರುತ್ತದೆ. ಮುಡಂಬಡಿತ್ತಾಯ ಸಮಿತಿ, ಬರಗೂರು ಸಮಿತಿ, ಚಕ್ರತೀರ್ಥ ಸಮಿತಿ, ಮಂಜುನಾಥ ಹೆಗಡೆ ಸಮಿತಿ: ಹದಿನೈದು ವರ್ಷವೂ ತುಂಬದ ಅವಧಿಯಲ್ಲಿ ಇಷ್ಟು. ಬರಗೂರು ಸಮಿತಿಯ ಪುಸ್ತಕಗಳು 2017ರಲ್ಲಿ ಶಾಲೆಗೆ ಬಂದಾಗ ಶಿಕ್ಷಣ ಸಚಿವರಾಗಿದ್ದವರು ನಮ್ಮ ನರಸಿಂಹರಾಜ ಕ್ಷೇತ್ರದ ತನ್ವೀರ್ ಸೇಠ್. ಅಂದಿನ ಮುಖ್ಯಮಂತ್ರಿಯೂ ಸಿದ್ದರಾಮಯ್ಯನವರೇ. ಪಠ್ಯಕ್ಕೊಂದು ಸ್ವಾಯತ್ತ ಮಂಡಳಿ ಕಟ್ಟುವ ಅವಕಾಶ ಮೈಸೂರಿನ ಈ ಇಬ್ಬರಿಗೂ ಇತ್ತು, ಕಟ್ಟಲಿಲ್ಲ.

ಚುನಾಯಿತ ಸರ್ಕಾರಕ್ಕೆ ಪಠ್ಯ ನಿರ್ಧರಿಸುವ ಅಧಿಕಾರವಿಲ್ಲವೇ ಎನ್ನುವವರಿದ್ದಾರೆ. ನೀತಿ ರೂಪಿಸುವ ಅಧಿಕಾರ ಖಂಡಿತ ಇದೆ. ಎಷ್ಟು ಗಂಟೆ ಕನ್ನಡ, ಯಾವ ತರಗತಿಗೆ ಯಾವ ಮಟ್ಟದ ಓದು, ಎಲ್ಲ ಪ್ರದೇಶ–ಸಮುದಾಯಗಳ ದನಿ ಇರಬೇಕೆಂಬ ನಿಯಮ, ಇವೆಲ್ಲ ಸರ್ಕಾರದ್ದು. ಯಾವ ಕತೆ, ಯಾವ ಪದ್ಯ ಎಂಬುದು ಹದಿನೈದರ ಹುಡುಗ ಹುಡುಗಿಯರ ಮುಂದೆ ದಿನಾ ನಿಲ್ಲುವವರದು. ಕನ್ನಡ ಮೇಷ್ಟ್ರುಗಳನ್ನು ಕೇಳಿ ನೋಡಿ: ಯಾವ ಪಾಠಕ್ಕೆ ತರಗತಿ ಕಿವಿಗೊಡುತ್ತದೆ, ಯಾವುದಕ್ಕೆ ಗೈಡಿನ ಪ್ರಶ್ನೋತ್ತರವೇ ಗತಿ ಎಂದು ಒಂದೇ ಉಸಿರಿಗೆ ಹೇಳುತ್ತಾರೆ. ಪಠ್ಯದ ಗಲಾಟೆಯಲ್ಲಿ ಸ್ವಾಮೀಜಿಗಳು, ಸಚಿವರು, ಸಾಹಿತಿಗಳು, ಟಿವಿ ನಿರೂಪಕರು ಎಲ್ಲರೂ ಮಾತಾಡಿದರು. ಮೇಷ್ಟ್ರ ಪಾಲಿಗೆ ಬಂದದ್ದು ಸುತ್ತೋಲೆ ಮಾತ್ರ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒಂದೇ ಪಠ್ಯಪುಸ್ತಕಕ್ಕೆ ಜೋತುಬೀಳಬೇಡಿ, ಹಲವು ಪುಸ್ತಕಗಳಿರಲಿ ಎಂದಿತ್ತು. ಅದನ್ನು ರೂಪಿಸಿದ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಭಾರತೀಯ ಭಾಷಾ ಸಂಸ್ಥಾನವೂ ಪಕ್ಕದಲ್ಲೇ. ಇಂಥ ಊರಿನಲ್ಲಿ ಕೂತು, ಪಠ್ಯ ಎಂದರೆ ವಿಧಾನಸೌಧದಿಂದ ಇಳಿದುಬರುವ ವಸ್ತು ಎಂದು ನಂಬಿಕೊಂಡಿದ್ದೇವೆ. ಒಂದು ತರಗತಿಗೆ ಎರಡು ಮೂರು ಸಂಕಲನಗಳಿರಲಿ, ಶಾಲೆ ಆರಿಸಿಕೊಳ್ಳಲಿ. ಪರೀಕ್ಷೆ ಹೇಗೆ ಎಂದು ಇಲಾಖೆ ಅಳುಕುತ್ತದೆ. ಭಾಷೆಯ ಪರೀಕ್ಷೆ ಮಗುವಿಗೆ ಓದಲು, ಬರೆಯಲು ಬರುತ್ತದೆಯೇ ಎಂದು ನೋಡಬೇಕು. ಪಾಠದ ಸಾರಾಂಶ ಬಾಯಿಪಾಠವಾಗಿದೆಯೇ ಎಂದಲ್ಲ.

ಪಠ್ಯದಾಚೆಗೆ ಕಪಾಟಿನ ಮಾತೂ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಗ್ರಂಥಾಲಯ ಕರ ಕಟ್ಟುತ್ತೇವೆ. ಆ ಹಣದಲ್ಲಿ ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಯಾವ ಮಕ್ಕಳ ಪುಸ್ತಕ ಬಂತು ಎಂದು ಕೇಳಿದವರು ವಿರಳ. ರಾಜೀವ್‌ನಗರದಲ್ಲಿ ಕೂಲಿ ಮಾಡುವ ಓದುಪ್ರೇಮಿಯೊಬ್ಬರು ತಮ್ಮ ದುಡಿಮೆಯಿಂದ ಕಟ್ಟಿದ ಗ್ರಂಥಾಲಯ 2021ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾದಾಗ ದೇಶದ ಮೂಲೆ ಮೂಲೆಯಿಂದ ನೆರವು ಹರಿದುಬಂತು. ಪುಸ್ತಕ ಸುಟ್ಟರೆ ಮರುಗುವ ಊರು, ಪುಸ್ತಕವೇ ಬರದಿದ್ದರೆ ಸುಮ್ಮನಿರುತ್ತದೆ.

ಈ ಸರ್ಕಾರದ ಅವಧಿ ಮುಗಿಯುವ ಮೊದಲೇ ಕಾನೂನಿನ ಬಲವಿರುವ ಪಠ್ಯ ಮಂಡಳಿ ಬರಬೇಕು. ಅದರಲ್ಲಿ ಅರ್ಧದಷ್ಟಾದರೂ ತರಗತಿಯ ಶಿಕ್ಷಕರಿರಬೇಕು. ಅದರ ಅವಧಿ ಸರ್ಕಾರದ ಅವಧಿಗೆ ಅಂಟಿಕೊಳ್ಳಬಾರದು. ಯಾವ ಪಾಠ ಯಾಕೆ ಬಂತು, ಯಾಕೆ ಹೋಯಿತು ಎಂಬ ಟಿಪ್ಪಣಿ ಎಲ್ಲರಿಗೂ ಸಿಗಬೇಕು. 2022ರಲ್ಲಿ ಬೀದಿಗಿಳಿದ ಮೈಸೂರಿನ ಗೆಳೆಯರು ಈ ಬೇಡಿಕೆ ಹಿಡಿದು ಸಿದ್ದರಾಮಯ್ಯನವರ ಟಿ.ಕೆ. ಬಡಾವಣೆಯ ಮನೆಗೂ ಒಮ್ಮೆ ಹೋಗಿಬರಲಿ.