ರೀಲ್ಸ್ ಗುರುವಲ್ಲ

ನಾನು ದಿನವೂ ಸಿರುಗುಪ್ಪದಿಂದ ಬಸ್ಸಿನಲ್ಲಿ ಬಳ್ಳಾರಿಗೆ ಬರುತ್ತೇನೆ. ಕುರುಗೋಡಿನ ನನ್ನ ಗೆಳೆಯ ಮೊದಲು ಅಣ್ಣನ ಬೈಕಿನಲ್ಲಿ ಬರುತ್ತಿದ್ದ. "ನಿನ್ನ ಬಸ್ಸು ತೆಕ್ಕಲಕೋಟೆ ದಾಟೋದ್ರೊಳಗೆ ನಾನು ಕಾಲೇಜಲ್ಲಿರ್ತೀನಿ" ಎಂದು ನಗುತ್ತಿದ್ದ. ಕಳೆದ ಮಳೆಗಾಲದಲ್ಲಿ ಒಂದು ತಿರುವಿನಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡ. ಎರಡು ತಿಂಗಳು ತರಗತಿ ತಪ್ಪಿತು. ಈಗ ಅವನೂ ಬಸ್ಸಿನಲ್ಲೇ ಬರುತ್ತಾನೆ. ಆದರೆ ರೇಸ್ ಡ್ರೈವರ್ ಆಗುವ ಆಸೆ ಮಾತ್ರ ಹೋಗಿಲ್ಲ. 2025ರ ಮೇ ತಿಂಗಳಲ್ಲಿ ಬೆಂಗಳೂರಿನ ಕುಶ್ ಮೈನಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದದ್ದನ್ನು ಇವತ್ತಿಗೂ ಹೇಳುತ್ತಿರುತ್ತಾನೆ.

"ನಿನಗೆ ಗಾಡಿ ಕಲಿಸಿದವರು ಯಾರು?" ಎಂದು ಒಮ್ಮೆ ಕೇಳಿದೆ. "ರೀಲ್ಸ್ ನೋಡಿ ಕಲಿತೆ" ಎಂದ. ಆ ಉತ್ತರವೇ ಈ ಲೇಖನಕ್ಕೆ ಕಾರಣ.

ನಿವೃತ್ತರಾದ ರೇಸ್ ಚಾಲಕರು ಹೊಸಬರಿಗೆ ತರಬೇತಿ ಕೊಡಬೇಕೇ? ಕೊಡಲೇಬೇಕು ಎಂಬುದು ನನ್ನ ಅಭಿಪ್ರಾಯ. ರೀಲ್ಸ್‌ನಲ್ಲಿ ಕಾಣುವುದು ವೇಗ ಮಾತ್ರ. ಬ್ರೇಕ್ ಎಲ್ಲಿ ಹಿಡಿಯಬೇಕೆಂದು ಅಲ್ಲಿ ಯಾರೂ ಹೇಳುವುದಿಲ್ಲ. ತಿರುವಿಗೆ ಮುಂಚೆ, ಗಾಡಿ ನೇರವಾಗಿರುವಾಗಲೇ ವೇಗ ಇಳಿಸಬೇಕು. ವಾಲಿದ ಗಾಡಿಗೆ ಜೋರಾಗಿ ಬ್ರೇಕ್ ಹಾಕಿದರೆ ಟೈರಿನ ಹಿಡಿತ ತಪ್ಪುತ್ತದೆ. ನನ್ನ ಗೆಳೆಯ ಬಿದ್ದದ್ದು ಹೀಗೆಯೇ. ಬಿದ್ದು ಎದ್ದವರು ಇದನ್ನು ಮೊದಲೇ ಹೇಳಿದ್ದರೆ ಅವನ ಕೈ ಉಳಿಯುತ್ತಿತ್ತು.

ನಮ್ಮ ದೇಶದಲ್ಲೇ ಇದಕ್ಕೆ ಉದಾಹರಣೆಗಳಿವೆ. ಚೆನ್ನೈನ ಅಕ್ಬರ್ ಇಬ್ರಾಹಿಂ ತಾವು ರೇಸ್ ಓಡಿಸಿದ ಮೇಲೆ ಕಾರ್ಟಿಂಗ್ ಮೂಲಕ ಎಳೆಯರನ್ನು ತಯಾರು ಮಾಡಿದರು. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಾಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ. 2021ರ ಡಾಕಾರ್‌ನಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟಾಯಿತು. ಕಚ್ಚಾ ನೆಲದಲ್ಲಿ ಬೈಕ್ ಓಡಿಸುವುದನ್ನು ಕಲಿಸಲು ಕೋಲಾರದ ಕಡೆ ತರಬೇತಿ ತಾಣ ಕಟ್ಟಿದವರೂ ಅವರೇ. ಅಂಥವರು ಹೆಲ್ಮೆಟ್ ಹಾಕು ಎಂದರೆ ಆ ಮಾತಿಗೆ ತೂಕವಿರುತ್ತದೆ.

"ಗೆದ್ದವರೆಲ್ಲ ಗುರುಗಳಾಗುವುದಿಲ್ಲ" ಎಂದು ನಮ್ಮ ತರಗತಿಯ ಒಬ್ಬಳು ವಾದಿಸಿದಳು. ಅದು ನಿಜ. ಓಡಿಸುವುದು ಬೇರೆ, ಕಲಿಸುವುದು ಬೇರೆ. ಆಸ್ಟ್ರಿಯಾದ ಹೆಲ್ಮುಟ್ ಮಾರ್ಕೊ ಫಾರ್ಮುಲಾ ಒನ್‌ನಲ್ಲಿ ಒಂದು ಅಂಕವನ್ನೂ ಗಳಿಸಲಿಲ್ಲ. 1972ರಲ್ಲಿ ಕಲ್ಲು ಸಿಡಿದು ಒಂದು ಕಣ್ಣು ಹೋಯಿತು, ರೇಸ್ ಬಿಟ್ಟರು. ಮುಂದೆ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದ ವೆಟೆಲ್ ಬೆಳೆದದ್ದು ಅವರು ನೋಡಿಕೊಂಡ ಯುವ ತಂಡದಲ್ಲಿ. ಆದ್ದರಿಂದ ಕಪ್ ಎಷ್ಟು ಎಂದು ಎಣಿಸುವುದು ಬೇಡ, ತಾಳ್ಮೆಯಿಂದ ಕಲಿಸುವವರನ್ನು ಆರಿಸೋಣ.

ಖರ್ಚಿನ ಮಾತೂ ಇದೆ. ದೊಡ್ಡ ರೇಸ್ ಟ್ರ್ಯಾಕ್‌ಗಳಿರುವುದು ಚೆನ್ನೈ, ಕೊಯಮತ್ತೂರಿನಲ್ಲಿ. ನಮ್ಮ ಊರಿನ ಮಕ್ಕಳು ಅಲ್ಲಿಗೆ ಹೋಗುವುದು ಕಷ್ಟ. ಹಾಗಾಗಿ ನಿವೃತ್ತ ರೇಸರ್‌ಗಳೇ ವರ್ಷಕ್ಕೊಮ್ಮೆಯಾದರೂ ನಮ್ಮಂಥ ಜಿಲ್ಲೆಗಳಿಗೆ ಬರಲಿ. ಅವರು ಬರುವವರೆಗೆ ನಾವು ಸುಮ್ಮನೆ ಕೂರಬೇಕಿಲ್ಲ. ಒಂದೂ ಅಪಘಾತವಿಲ್ಲದೆ ನಿವೃತ್ತರಾದ ಬಸ್ ಚಾಲಕರು ನಮ್ಮ ಓಣಿಗಳಲ್ಲೇ ಇದ್ದಾರೆ. ಭತ್ತದ ಟ್ರ್ಯಾಕ್ಟರ್, ಅದಿರು ಲಾರಿಗಳ ನಡುವೆ ಮೂವತ್ತು ವರ್ಷ ಓಡಿಸಿದವರಿಗಿಂತ ದೊಡ್ಡ ಉಸ್ತಾದರು ನಮಗೆ ಯಾರು ಸಿಗುತ್ತಾರೆ? ಅಂಥ ಒಬ್ಬರನ್ನು ಒಂದು ಶನಿವಾರ ನಮ್ಮ ಕಾಲೇಜಿಗೆ ಕರೆಸಬೇಕೆಂದು ಪ್ರಾಂಶುಪಾಲರಲ್ಲಿ ನನ್ನ ವಿನಂತಿ.

ಸ್ನೇಹಿತರೇ, ನಮ್ಮಲ್ಲಿ ಹೆಚ್ಚಿನವರಿಗೆ ಇನ್ನೂ 18 ತುಂಬಿಲ್ಲ. ನಾವು ಗಾಡಿ ಓಡಿಸಿ ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಶಿಕ್ಷೆ ನಮ್ಮ ತಂದೆ ತಾಯಿಗೆ ಆಗಬಹುದು. ವೇಗದ ಆಸೆ ತಪ್ಪಲ್ಲ. ಅದಕ್ಕೊಂದು ಟ್ರ್ಯಾಕ್ ಬೇಕು, ಒಬ್ಬ ಗುರು ಬೇಕು. ಅಲ್ಲಿಯವರೆಗೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಹಿಡಿದಿಟ್ಟಿರುತ್ತೇನೆ, ಬನ್ನಿ.